ಒಲವು ಯಾರ ಕಡೆಗೆ: ನಾಯಕ, ಖಳನಾಯಕ ಮತ್ತು ಗಡಿನಾಡಿನ ಪ್ರೇಕ್ಷಕ

ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ದೇವೀಮಹಾತ್ಮೆಯ ಯಕ್ಷಗಾನ ಆಟ ನೋಡಿದವರಿಗೆ ಮಹಿಷಾಸುರನ ಪ್ರವೇಶವನ್ನು ವಿವರಿಸಬೇಕಾಗಿಲ್ಲ. ಅವನು ವೇಷ ಕಟ್ಟುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವವನಲ್ಲ. ಚೆಂಡೆಯ ಅಬ್ಬರ ಏರುತ್ತಿದ್ದಂತೆ ಜನರ ಬೆನ್ನ ಹಿಂದಿನಿಂದ, ದೊಂದಿಗೆ ಎರಚಿದ ರಾಳದ ಪುಡಿ ಭಗ್ಗನೆ ಹೊತ್ತಿಕೊಳ್ಳುವ ಬೆಳಕಿನಲ್ಲಿ, ಕೋಡು ಆಡಿಸುತ್ತಾ ಬರುತ್ತಾನೆ. ತೂಕಡಿಸುತ್ತಿದ್ದ ಮಕ್ಕಳು ಎಚ್ಚತ್ತು ಅಮ್ಮನನ್ನು ಅಪ್ಪಿಕೊಳ್ಳುತ್ತಾರೆ. ಬೆಳಗಾಗುವುದರೊಳಗೆ ದೇವಿ ಅವನನ್ನು ಕೊಲ್ಲುತ್ತಾಳೆಂಬುದು ಎಲ್ಲರಿಗೂ ಗೊತ್ತು. ಕೊಲ್ಲಬೇಕೆಂದೇ ಎಲ್ಲರ ಆಸೆ. ಆದರೂ ನಿದ್ದೆಗೆಟ್ಟು ಕಾದದ್ದು ಅವನಿಗಾಗಿ.

ಸಿನಿಮಾ ನಮ್ಮಲ್ಲಿ ನಾಯಕನ ಮೇಲೆ ಒಲವನ್ನೂ ಖಳನ ಮೇಲೆ ಹಗೆಯನ್ನೂ ಹೇಗೆ ಹುಟ್ಟಿಸುತ್ತದೆ ಎಂಬುದನ್ನು ಕಾಸರಗೋಡಿನಲ್ಲಿ ನಿಂತು ಯೋಚಿಸುವವರು ಈ ಬಣ್ಣದ ವೇಷದಿಂದಲೇ ಹೊರಡುವುದು ಸರಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಚಿಟ್ಟಿಯೆಂಬ ಬಿಳಿಯ ಚುಕ್ಕೆಗಳನ್ನಿಡುತ್ತಾ ಗಂಟೆಗಟ್ಟಲೆ ಕುಳಿತು ರಕ್ಕಸನಾಗುವ ಕಲಾವಿದನಿಗೆ ಪ್ರೇಕ್ಷಕನ ಬೆರಗು ಸಲ್ಲುತ್ತದೆ, ಆದರೆ ಒಪ್ಪಿಗೆ ಸಲ್ಲುವುದಿಲ್ಲ. ಬೆರಗು ಬೇರೆ, ಒಪ್ಪಿಗೆ ಬೇರೆ ಎಂಬ ಈ ತಿಳಿವಳಿಕೆ ಕನ್ನಡಕ್ಕೆ ಹಳೆಯದು. ಕ್ರಿ.ಶ. 941ರ ಸುಮಾರಿಗೆ ಕಾವ್ಯ ಬರೆದ ಪಂಪ, ಛಲಕ್ಕೆ ದುರ್ಯೋಧನನನ್ನೇ ಮಾದರಿಯಾಗಿ ಎತ್ತಿ ಹೇಳಿದ್ದಾನೆ. ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಬರಿಯ ಮಾತು. ಈ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ, ಮಾಗಧನಾಗಿ (ಜರಾಸಂಧನಾಗಿ) ಅರ್ಥ, ಎಂದರೆ ಪಾತ್ರದ ಮಾತು, ಹೇಳಿ ಹೆಸರಾದವರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ವಾಲಿ ಕೇಳುವಾಗ ರಾಮಭಕ್ತನಾದ ಕೇಳುಗನೂ ಉತ್ತರಕ್ಕೆ ತಡವರಿಸಬೇಕಾಗುತ್ತದೆ.

1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಆರಿಸಿಕೊಂಡದ್ದೂ ಇದೇ ದಾರಿಯನ್ನು. ಕಥೆ ರಾಮಾಯಣದ್ದೇ ಆದರೂ ನಾಯಕಿ ಇಂದ್ರಜಿತುವಿನ ಹೆಂಡತಿ. ಲಂಕೆಯ ಒಳಗಿನಿಂದ, ವಿಧವೆಯಾಗಲಿರುವ ಹೆಣ್ಣಿನ ಪಕ್ಕದಲ್ಲಿ ಕುಳಿತು ನೋಡಿದವನಿಗೆ ಲಕ್ಷ್ಮಣನ ಗೆಲುವು ಬರಿಯ ಗೆಲುವಾಗಿ ಕಾಣುವುದು ಕಷ್ಟ. ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಇಲ್ಲಿದೆ. ನಮ್ಮ ಒಲವು ಪಾತ್ರದ ಗುಣವನ್ನು ಅಳೆದು ನೋಡಿ ಹೋಗುವುದಿಲ್ಲ. ಕಥೆ ನಮ್ಮನ್ನು ಯಾರ ಪಕ್ಕದಲ್ಲಿ, ಎಷ್ಟು ಹೊತ್ತು ಕೂರಿಸುತ್ತದೋ ಅವರ ಕಡೆಗೆ ಹೋಗುತ್ತದೆ.

ಕ್ಯಾಮೆರಾಕ್ಕೆ ಈ ಕೆಲಸ ರಂಗಕ್ಕಿಂತ ಸುಲಭ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ಮಾಡಿದನೆನ್ನುವ ಪ್ರಯೋಗ ಪ್ರಸಿದ್ಧವಾದದ್ದು. ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಹೆಣ್ಣು ಇವುಗಳ ಪಕ್ಕ ಜೋಡಿಸಿದಾಗ ನೋಡಿದವರು ಹಸಿವು, ದುಃಖ, ಆಸೆಗಳನ್ನು ತಾವೇ ಆ ಮುಖದಲ್ಲಿ ಓದಿಕೊಂಡರು. 1960ರ ‘ಸೈಕೋ’ದಲ್ಲಿ ಹಿಚ್‌ಕಾಕ್ ಇನ್ನೂ ಮುಂದೆ ಹೋದ. ಕೊಲೆಯಾದವಳ ಶವವಿರುವ ಕಾರನ್ನು ಯುವಕ ಕೆಸರುಹೊಂಡಕ್ಕೆ ತಳ್ಳುತ್ತಾನೆ. ಅರ್ಧ ಮುಳುಗಿದ ಕಾರು ಗಕ್ಕನೆ ನಿಲ್ಲುತ್ತದೆ. ಆ ಕ್ಷಣ ಅವನ ಆತಂಕದ ಮುಖವನ್ನೇ ನೋಡುತ್ತಿರುವ ನಾವು, ಕಾರು ಮುಳುಗಲಿ ಎಂದು ಬಯಸುತ್ತೇವೆ.

ಈ ಶಕ್ತಿಗೆ ಅಂಜಿಯೇ ಹಾಲಿವುಡ್ 1930ರಲ್ಲಿ ರೂಪಿಸಿಕೊಂಡ ನಿಯಮಾವಳಿ, ಪ್ರೇಕ್ಷಕರ ಅನುಕಂಪ ಅಪರಾಧದ ಕಡೆಗೆ ವಾಲಬಾರದೆಂದು ವಿಧಿಸಿತು. 1968ರವರೆಗೆ ಅದು ಉಳಿಯಿತು. ನಮ್ಮಲ್ಲಿ ಆ ಕೆಲಸವನ್ನು ರೂಢಿಯೇ ಮಾಡಿತು. ವಜ್ರಮುನಿಯವರು ಕಣ್ಣರಳಿಸಿ ಗುಡುಗಿದರೆ ಸಾಕು, ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ರೂಢಿಯೊಳಗೆ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಅವರು ಹಿರಣ್ಯಕಶಿಪುವಾದಾಗ, ಅಣ್ಣಾವ್ರ ಮೇಲಿನ ಪ್ರೀತಿಯೂ ರಕ್ಕಸನ ಜೊತೆಗೇ ಸಿಂಹಾಸನವೇರಿತು.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೆ ಮಲಯಾಳಂ ಚಿತ್ರಗಳೂ ಮನೆಯವೇ ಆದವು. 1980ರ ‘ಮಂಞಿಲ್ ವಿರಿಞ್ಞ ಪೂಕ್ಕಳ್’ ಚಿತ್ರದಲ್ಲಿ ಖಳನಾಗಿ ಬಂದ ಮೋಹನ್‌ಲಾಲ್ ಕೆಲವೇ ವರ್ಷಗಳಲ್ಲಿ ನಾಯಕರಾದದ್ದನ್ನು ಇಲ್ಲಿಯವರು ಹತ್ತಿರದಿಂದ ಕಂಡರು. ಆದರೆ ಖಳನನ್ನು ಭಾಷೆಯಿಂದ ಗುರುತಿಸುವ ಸಿನಿಮಾ ಬಂದಾಗ ಎರಡೂ ಭಾಷೆ ಬಲ್ಲವನ ಪಾಡು ಇಕ್ಕಟ್ಟಿನದು. 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಕುರಿತು ಬಂದ ರಿಷಬ್ ಶೆಟ್ಟಿಯವರ ಚಿತ್ರದಲ್ಲಿ, ಶಾಲೆ ಮುಚ್ಚಿಸಲು ಹೊರಟ ಅಧಿಕಾರಿ ಗಟ್ಟಿಯಾಗಿ ಎದುರು ನಿಲ್ಲುವ ಹೊತ್ತಿಗೆ ನಾವು ಆ ಮಕ್ಕಳ ತುಂಟತನದಲ್ಲಿ ಪಾಲುದಾರರಾಗಿರುತ್ತೇವೆ. ತೀರ್ಪು ಮೊದಲೇ ಆಗಿರುತ್ತದೆ. ಆ ಮಕ್ಕಳ ಅಳಲು ನಿಜವಾದದ್ದು, ನಮ್ಮ ಊರಿನದು. ಆದರೂ ಪಕ್ಕದ ಸೀಟಿನಲ್ಲಿ ಕುಳಿತ ಮಲಯಾಳಿ ನೆರೆಯವನು ಯಾರ ಪಕ್ಕದಲ್ಲಿ ಕುಳಿತು ಆ ಕಥೆಯನ್ನು ನೋಡಿದನೆಂದು ಕೇಳಬೇಕೆನಿಸುತ್ತದೆ.

ಅಡೂರ್ ಗೋಪಾಲಕೃಷ್ಣನ್ ಅವರ ‘ವಿಧೇಯನ್’ (1993) ಇದಕ್ಕಿಂತ ಕಠಿಣವಾದ ಜಾಗದಲ್ಲಿ ನಮ್ಮನ್ನು ಕೂರಿಸುತ್ತದೆ. ಅದರ ಕ್ರೂರಿ, ಮಮ್ಮುಟ್ಟಿ ನಟಿಸಿದ ಭಾಸ್ಕರ ಪಟೇಲ, ಕನ್ನಡನಾಡಿನವನು. ಅವನ ಕಾಲಡಿಯಲ್ಲಿ ನಲುಗುವ ತೊಮ್ಮಿ ಕೇರಳದಿಂದ ವಲಸೆ ಬಂದವನು. ನಾವು ಕಥೆಯನ್ನು ನೋಡುವುದು ತೊಮ್ಮಿಯ ಪಕ್ಕದಿಂದ. ಅವನೋ ಧಣಿಗೆ ಅಂಜುತ್ತಲೇ ಧಣಿಯನ್ನು ಹಚ್ಚಿಕೊಂಡವನು. ಹಾಗಾಗಿ ಅಟ್ಟಿಸಿಕೊಂಡು ಕಾಡಿನಲ್ಲಿ ಅಲೆಯುವ ಪಟೇಲನ ಬಗ್ಗೆ ನಮ್ಮಲ್ಲೂ ಬೇಡದ ಮರುಕವೊಂದು ಮೂಡುತ್ತದೆ. ಪಟೇಲ ಗುಂಡೇಟಿಗೆ ಬಿದ್ದಾಗ ತೊಮ್ಮಿ ಮೊದಲು ಅಳುತ್ತಾನೆ. ಆಮೇಲೆ ಧಣಿಯ ಕೋವಿಯನ್ನು ನೀರಿಗೆ ಎಸೆದು, ಹೆಂಡತಿಗೆ ಸುದ್ದಿ ಹೇಳಲು ಓಡತೊಡಗುತ್ತಾನೆ.