ಸಾಕೆಟ್ ಕೂತರೆ ಸಾಲದು: ಪ್ರೊಸೆಸರ್ ಕೊಳ್ಳುವ ಮೊದಲು ಬಯೋಸ್ ಕಾಲಂ ನೋಡಿ

ಮದರ್‌ಬೋರ್ಡ್ ಹಾಗೇ ಇರಲಿ, ಪ್ರೊಸೆಸರ್ ಮಾತ್ರ ಬದಲಾಯಿಸೋಣ ಅನ್ನುವವರಿಗೆ ಈ ಟಿಪ್ಪಣಿ. ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಥರ್ಮಲ್ ಪೇಸ್ಟ್ ಹಚ್ಚುವುದು, ಕೂಲರ್ ಬಿಚ್ಚುವುದು ಇಲ್ಲಿಲ್ಲ. ಅವನ್ನು ವಿಡಿಯೋ ನೋಡಿ ಕಲಿಯುವುದೇ ಸುಲಭ.

ಮೊದಲು ಬೋರ್ಡಿನ ಪೂರ್ತಿ ಹೆಸರು

ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆಯಿರಿ. ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನುವ ಸಾಲಿನಲ್ಲಿ ಮಾದರಿ ಇರುತ್ತದೆ, ಬಯೋಸ್ ವರ್ಷನ್ ಸಾಲಿನಲ್ಲಿ ಈಗಿನ ಬಯೋಸ್ (ಬೋರ್ಡಿನ ಚಿಪ್ಪಿನಲ್ಲೇ ಇದ್ದು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಆವೃತ್ತಿ. ಎರಡನ್ನೂ ಅಕ್ಷರ ಬಿಡದೆ ಬರೆದುಕೊಳ್ಳಿ. "ನಂದು ಬಿ450 ಬೋರ್ಡು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಬಿ450 ಅನ್ನುವುದು ಚಿಪ್‌ಸೆಟ್, ಅಂದರೆ ಬೋರ್ಡಿನ ಮೇಲಿನ ನಿಯಂತ್ರಕ ಚಿಪ್ಪಿನ ಹೆಸರು. ಅದೇ ಚಿಪ್‌ಸೆಟ್ ಇಟ್ಟುಕೊಂಡು ಬೇರೆ ಬೇರೆ ಕಂಪನಿಗಳು ಹತ್ತಾರು ಬೋರ್ಡ್ ಮಾಡಿವೆ. ಕೆಲವು ಬೋರ್ಡುಗಳ ಮೂಲೆಯಲ್ಲಿ ರೆವ್ 1.0 ಅಂತಲೋ ರೆವ್ 2.0 ಅಂತಲೋ ಅಚ್ಚಾಗಿರುತ್ತದೆ. ಅದನ್ನೂ ನೋಡಿ, ರಿವಿಷನ್ ಬದಲಾದರೆ ಬಯೋಸ್ ಫೈಲೇ ಬೇರೆಯಾಗಬಹುದು.

ಸಾಕೆಟ್, ಮತ್ತು ಅದು ಮಾಡುವ ಮೋಸ

ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಅದು ಬೇರೆಯಾದರೆ ಮಾತೇ ಇಲ್ಲ, ಕೂರುವುದಿಲ್ಲ. ಆದರೆ ಸಾಕೆಟ್ ಒಂದೇ ಆದ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತೇನೂ ಇಲ್ಲ. ಇದಕ್ಕೆ ಒಳ್ಳೆ ಉದಾಹರಣೆ ಇಂಟೆಲ್‌ನ ಎಲ್‌ಜಿಎ1151 ಸಾಕೆಟ್. 2015ರಲ್ಲಿ ಬಂದ ಇಂಟೆಲ್ 6ನೇ ತಲೆಮಾರು ಮತ್ತು ಅದರ ನಂತರದ 7ನೇ ತಲೆಮಾರು 100 ಮತ್ತು 200 ಸರಣಿಯ ಬೋರ್ಡುಗಳಲ್ಲಿ ಓಡುತ್ತವೆ. 2017ರ ಕೊನೆಗೆ ಬಂದ 8ನೇ ತಲೆಮಾರಿಗೂ ಸಾಕೆಟ್ಟಿನ ಹೆಸರು ಅದೇ, ಪಿನ್ನಿನ ಲೆಕ್ಕವೂ ಅದೇ. ಆದರೆ ಅದಕ್ಕೆ 300 ಸರಣಿಯ ಬೋರ್ಡೇ ಬೇಕು. ಖಾಲಿ ಬಿಟ್ಟಿದ್ದ ಕೆಲವು ಪಿನ್ನುಗಳನ್ನು ಇಂಟೆಲ್ ಕರೆಂಟ್ ಸರಬರಾಜಿಗೆ ಬಳಸಿಕೊಂಡಿತು. ಹೊರಗಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ.

ಎಲ್‌ಜಿಎ1200ರಲ್ಲೂ ಇಂಥದ್ದೇ ಕಥೆ. 10 ಮತ್ತು 11ನೇ ತಲೆಮಾರು ಎರಡಕ್ಕೂ ಸಾಕೆಟ್ ಒಂದೇ, ಆದರೆ ಎಚ್410 ಮತ್ತು ಬಿ460 ಚಿಪ್‌ಸೆಟ್‌ಗಳಿಗೆ ಇಂಟೆಲ್ 11ನೇ ತಲೆಮಾರಿನ ಬೆಂಬಲ ಕೊಡಲಿಲ್ಲ.

ಹೆಸರಿನಲ್ಲಿರುವ ಸರಣಿ ಸಂಖ್ಯೆ

ಎಎಂಡಿ ಕಡೆ ಬಂದರೆ ಸಂಖ್ಯೆ ದಾರಿ ತಪ್ಪಿಸುತ್ತದೆ. ರೈಜನ್ 5 3600 ಮತ್ತು ರೈಜನ್ 5 3400ಜಿ ಎರಡೂ "3000 ಸರಣಿ"ಯವೇ ಅಲ್ವಾ? ಆದರೆ ಒಳಗಿನ ವಿನ್ಯಾಸ ಬೇರೆ: ಮೊದಲನೆಯದು ಝೆನ್ 2, ಎರಡನೆಯದು ಅದಕ್ಕಿಂತ ಹಳೆಯ ಝೆನ್+. ಬಿ550 ಬೋರ್ಡ್ 3600 ಅನ್ನು ಒಪ್ಪುತ್ತದೆ, 3400ಜಿ ಅದರ ಅಧಿಕೃತ ಪಟ್ಟಿಯಲ್ಲಿಲ್ಲ. ಬೋರ್ಡ್ ಹೊಸದು, ಪ್ರೊಸೆಸರ್ ಹಳೆಯದು, ಆದರೂ ಹೊಂದುವುದಿಲ್ಲ. ಹಾಗಾಗಿ ಸರಣಿ ನೋಡಿ ತೀರ್ಮಾನಿಸಬೇಡಿ, ಒಂದೊಂದು ಮಾದರಿಯನ್ನೂ ಬೇರೆಯಾಗಿ ಹುಡುಕಿ.

ಪಟ್ಟಿಯ ಕೊನೆಯ ಕಾಲಂ

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದು. ಬೋರ್ಡ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಸಪೋರ್ಟ್ ಪುಟಕ್ಕೆ ಹೋದರೆ ಸಿಪಿಯು ಸಪೋರ್ಟ್ ಪಟ್ಟಿ ಸಿಗುತ್ತದೆ. ಅಲ್ಲಿ ಪ್ರೊಸೆಸರ್ ಹೆಸರು ಕಂಡ ಕೂಡಲೇ ಖುಷಿಪಟ್ಟು ಪುಟ ಮುಚ್ಚಬೇಡಿ. ಅದೇ ಸಾಲಿನ ತುದಿಯಲ್ಲಿ ಒಂದು ಬಯೋಸ್ ಆವೃತ್ತಿ ಇರುತ್ತದೆ. ಆ ಆವೃತ್ತಿಯಿಂದ ಮೇಲಕ್ಕೆ ಮಾತ್ರ ಆ ಪ್ರೊಸೆಸರ್ ನಡೆಯುತ್ತದೆ ಅಂತ ಅದರ ಅರ್ಥ.

ಯಾಕೆ ಹೀಗೆ? ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವುದು ಬಯೋಸ್ ಚಿಪ್ಪಿನಲ್ಲಿರುವ ಕೋಡ್. ಪ್ರೊಸೆಸರನ್ನು ಗುರುತಿಸಿ ಎಬ್ಬಿಸುವುದು, ಮೆಮೊರಿ ಸಿದ್ಧ ಮಾಡುವುದು ಅದರದೇ ಕೆಲಸ. ಬೋರ್ಡ್ ಮಾಡುವಾಗ ಹುಟ್ಟೇ ಇರದ ಪ್ರೊಸೆಸರಿನ ವಿವರ ಆ ಕೋಡಿನಲ್ಲಿ ಎಲ್ಲಿಂದ ಬರಬೇಕು? ಫ್ಯಾನ್ ತಿರುಗುತ್ತದೆ, ಲೈಟು ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಸರಿ, ಬಯೋಸ್ ಅಪ್‌ಡೇಟ್ ಮಾಡೋಣ ಅಂದರೆ ಅದಕ್ಕೆ ಕಂಪ್ಯೂಟರ್ ಆನ್ ಆಗಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ.

ಹಾಗಾಗಿ ಕ್ರಮ ಇದು: ಹಳೆ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ, ಹೊಸ ಆವೃತ್ತಿ ಬಂದಿದೆ ಅಂತ ಖಚಿತಪಡಿಸಿಕೊಂಡು, ಆಮೇಲೆ ಪ್ರೊಸೆಸರ್ ಬಿಚ್ಚಿ. ಬಯೋಸ್ ಫ್ಲ್ಯಾಶ್‌ಬ್ಯಾಕ್ ಥರದ ಬಟನ್ ಇರುವ ಬೋರ್ಡಾದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಆಗುತ್ತದೆ. ಫೈಲಿಗೆ ಯಾವ ಹೆಸರಿಡಬೇಕು ಅಂತ ಕೈಪಿಡಿಯಲ್ಲಿರುತ್ತದೆ, ಅದನ್ನೇ ಇಡಿ.

ಆವೃತ್ತಿ ಹೋಲಿಸುವುದೂ ಒಂದು ಗೋಜಲು. ಗಿಗಾಬೈಟ್‌ನಲ್ಲಿ ಎಫ್9ಕ್ಕಿಂತ ಎಫ್50 ಹೊಸದು, ಇದು ಸುಲಭ. ಆದರೆ ಎಫ್50ರ ಕೊನೆಗೆ ಸಣ್ಣ ಅಕ್ಷರ ಸೇರಿದ್ದರೆ ಅದು ಸಾಮಾನ್ಯವಾಗಿ ಪರೀಕ್ಷಾ ಆವೃತ್ತಿ, ಅಂದರೆ ಎಫ್50ಕ್ಕಿಂತ ಮೊದಲಿನದು. ಎಂಎಸ್‌ಐನಲ್ಲಿ 19 ಆದ ಮೇಲೆ 20 ಬರುವುದಿಲ್ಲ, 1ಎ ಬರುತ್ತದೆ, ಆಮೇಲೆ 1ಬಿ. ಅನುಮಾನ ಬಂದರೆ ಸುಮ್ನೆ ಬಿಡುಗಡೆಯ ದಿನಾಂಕ ಹೋಲಿಸಿ.

ಪ್ರತಿ ಆವೃತ್ತಿಯ ಕೆಳಗಿನ ಸಣ್ಣ ಟಿಪ್ಪಣಿಯನ್ನೂ ಓದಿ. "ಮೊದಲು ಇಂಥ ಆವೃತ್ತಿ ಹಾಕಿ, ನಂತರ ಇದು" ಅಂತ ಇರಬಹುದು. ಎಎಂಡಿಯ ಎಎಂ4 ಸಾಕೆಟ್ ಇರುವ ಕೆಲವು ಬೋರ್ಡುಗಳ ಬಯೋಸ್ ಚಿಪ್ ಬರೀ 16 ಎಂಬಿ. ಹೊಸ ಪ್ರೊಸೆಸರುಗಳಿಗೆ ಜಾಗ ಮಾಡಲು ಹಳೆಯವುಗಳ ಬೆಂಬಲವನ್ನೇ ತೆಗೆದುಹಾಕಿದ್ದುಂಟು. ಎಎಂಡಿ 2020ರ ಮೇ ತಿಂಗಳಲ್ಲಿ ಝೆನ್ 3 ಪ್ರೊಸೆಸರುಗಳು ಬರೀ 500 ಸರಣಿಯ (ಬಿ550 ಥರದ) ಬೋರ್ಡುಗಳಿಗೆ ಅಂದಾಗ ಈ ಚಿಪ್ಪಿನ ಗಾತ್ರವನ್ನೇ ಕಾರಣ ಕೊಟ್ಟಿತ್ತು. ಬಳಕೆದಾರರು ಗಲಾಟೆ ಮಾಡಿದ ಮೇಲೆ 400 ಸರಣಿಗೂ ಒಪ್ಪಿತು, 2022ರಲ್ಲಿ 300 ಸರಣಿಗೂ ಬಂತು. ಆದ್ದರಿಂದ ಹಳೆ ಲೇಖನ ಓದಿ "ನನ್ನ ಬೋರ್ಡಿಗೆ ಆಗಲ್ಲ" ಅಂತ ಕೈಬಿಡಬೇಡಿ, ಪಟ್ಟಿಯನ್ನು ಇವತ್ತು ನೋಡಿ.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅಪ್‌ಡೇಟ್‌ಗೆ ಮುಂಚೆ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ, ಆಮೇಲೆ ಅದನ್ನು ಕೇಳಬಹುದು.

ಉಳಿದದ್ದು, ಚುಟುಕಾಗಿ

ರ‍್ಯಾಮ್: ಎಎಂ4 ಅಂದರೆ ಡಿಡಿಆರ್4, ಎಎಂ5 ಅಂದರೆ ಡಿಡಿಆರ್5. ಇಂಟೆಲ್‌ನ ಎಲ್‌ಜಿಎ1700ರಲ್ಲಿ ಎರಡರಲ್ಲಿ ಬೋರ್ಡ್ ಯಾವುದನ್ನು ತೆಗೆದುಕೊಳ್ಳುತ್ತದೋ ಅದು.

ವಿದ್ಯುತ್: ಪೆಟ್ಟಿಗೆ ಮೇಲಿನ ಟಿಡಿಪಿಯನ್ನು (ವ್ಯಾಟ್ ಲೆಕ್ಕವನ್ನು) ನಂಬಿ ಕೂರಬೇಡಿ. ಐ5-12400ಕ್ಕೆ 65 ವ್ಯಾಟ್ ಅಂತಿದ್ದರೂ ಟರ್ಬೋದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 117ರವರೆಗೆ ಹೋಗುತ್ತದೆ. ಎಎಂಡಿಯ 105 ವ್ಯಾಟ್ ಚಿಪ್ ಎಎಂ4ರಲ್ಲಿ 142ರವರೆಗೆ ಎಳೆಯಬಹುದು. ಅಗ್ಗದ ಬೋರ್ಡ್ ಪಟ್ಟಿಯಲ್ಲಿ ಹೌದು ಅಂದರೂ ಅದರ ವಿಆರ್‌ಎಂ (ಪ್ರೊಸೆಸರಿಗೆ ಕರೆಂಟ್ ಹದಗೊಳಿಸಿ ಕೊಡುವ ಭಾಗ) ಬಿಸಿಯಾಗಿ ಪ್ರೊಸೆಸರಿನ ವೇಗ ಇಳಿದೀತು.

ಡಿಸ್‌ಪ್ಲೇ: ಇಂಟೆಲ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಜನ್ 5000ದಲ್ಲಿ ಜಿ ಇದ್ದರೆ ಮಾತ್ರ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಇದನ್ನು ಮರೆತರೂ ಪರದೆ ಕಪ್ಪೇ, ಆಗ ಸುಮ್ನೆ ಬಯೋಸನ್ನು ಬೈಯುತ್ತಾ ಕೂರುತ್ತೀರಿ.

ಬ್ರಾಂಡೆಡ್ ರೆಡಿಮೇಡ್ ಡೆಸ್ಕ್‌ಟಾಪ್ ಆದರೆ ಇಂಥ ಪಟ್ಟಿಯೇ ಸಿಗದೆ ಇರಬಹುದು. ಆಗ ಅದೇ ಮಾದರಿಯನ್ನು ತಯಾರಕರು ಯಾವ ಯಾವ ಪ್ರೊಸೆಸರ್ ಜೊತೆ ಮಾರಿದ್ದರು ಅಂತ ಅದರ ಕೈಪಿಡಿಯಲ್ಲಿ ನೋಡಿ, ಅವುಗಳಲ್ಲೇ ಮೇಲಿನದನ್ನು ಆರಿಸಿ. ಅದಕ್ಕಿಂತ ಆಚೆ ಹೋದರೆ ಬಯೋಸ್ ಒಪ್ಪುತ್ತದೆ ಅಂತ ಹೇಳಲಾಗುವುದಿಲ್ಲ.