ಬೆರಳಿಗೆ ನೆನಪಿಲ್ಲ

ಇಪ್ಪತ್ತು ವರ್ಷ ಮುಟ್ಟದೇ ಇದ್ದ ಪಿಯಾನೋದ ಮುಂದೆ ಮತ್ತೆ ಕುಳಿತವರು ಸಾಮಾನ್ಯವಾಗಿ ಒಂದೇ ಅನುಭವವನ್ನು ಹೇಳಿಕೊಳ್ಳುತ್ತಾರೆ, ನನ್ನದೂ ಅದೇ. ಸ್ವರಲಿಪಿಯನ್ನು ಓದಲು ಬರುವುದಿಲ್ಲ, ಮುಂದಿನ ಸ್ವರ ಯಾವುದೆಂದು ಕೇಳಿದರೆ ಬಾಯಿ ಕಟ್ಟುತ್ತದೆ. ಆದರೆ ಕೈಯಿಟ್ಟ ಕೂಡಲೇ ಬೆತೋವನ್ನನ 'ಫ್ಯೂರ್ ಎಲೀಸ್' ಎಂಬ ಪಿಯಾನೋ ಕೃತಿ ತಾನಾಗಿ ಹೊರಡುತ್ತದೆ. 'ಮನಸ್ಸು ಮರೆತರೂ ಬೆರಳು ಮರೆತಿಲ್ಲ' ಎಂದು ಒಬ್ಬರು ಬೆರಗಾದರೆ, ಪಕ್ಕದ ಹಿರಿಯರು ಪೂರ್ವಜನ್ಮದ ಸಂಸ್ಕಾರವನ್ನು ಎಳೆದು ತರುತ್ತಾರೆ. ಇದೇ ಜನ್ಮದಲ್ಲಿ ವರ್ಷಗಟ್ಟಲೆ ದಿನಾ ಕುಳಿತು ತಿಕ್ಕಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆರಳನ್ನು ಮಡಿಸುವ ದೊಡ್ಡ ಸ್ನಾಯುಗಳೇ ಬೆರಳಿನಲ್ಲಿಲ್ಲ, ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಇವೆ. ಹೀಗಿರುವಾಗ ನೆನಪು ಬೆರಳಿನಲ್ಲಿ ಕುಳಿತಿರುವುದು ಹೇಗೆ?

ನೆನಪು ಇರುವುದು ಮಿದುಳಿನಲ್ಲೇ, ಆದರೆ ಒಂದೇ ಕೋಣೆಯಲ್ಲಿ ಅಲ್ಲ. ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರ ಮಿದುಳಿಗೆ 1985ರಲ್ಲಿ ಹರ್ಪಿಸ್ ವೈರಾಣುವಿನ ಸೋಂಕು ತಗುಲಿ, ಹೊಸ ಸಂಗತಿಯೊಂದು ಅರ್ಧ ನಿಮಿಷವೂ ನಿಲ್ಲದಂತಾಯಿತು. ಆದರೂ ಅವರು ಪಿಯಾನೋ ನುಡಿಸಬಲ್ಲವರಾಗಿಯೇ ಉಳಿದರು. ಘಟನೆಗಳನ್ನು ದಾಖಲಿಸುವ ಹಿಪ್ಪೋಕ್ಯಾಂಪಸ್ ಹಾಳಾದರೂ, ಚಲನೆಯ ಕೌಶಲವನ್ನು ಕಾಪಾಡುವ ಕಿರುಮಿದುಳು ಮೊದಲಾದ ಭಾಗಗಳು ತಮ್ಮ ಕೆಲಸವನ್ನು ಬಿಡಲಿಲ್ಲ.

ಈ ಕೌಶಲದ ನೆನಪು ಹೇಗೆ ಕಟ್ಟಿಕೊಂಡಿರುತ್ತದೆ ಎಂಬುದೇ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವ ಪ್ರಶ್ನೆ. ಒಂದು ಬೆರಳಿನ ಒತ್ತು ಮುಂದಿನ ಒತ್ತನ್ನು ಎಬ್ಬಿಸುತ್ತದೆ, ಅದು ಅದರ ಮುಂದಿನದನ್ನು, ಎಂದು ಹಿಂದಿನವರು ನಂಬಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ 1951ರಲ್ಲಿ ಇದನ್ನು ಒಪ್ಪದೆ, ಸಂಗೀತಗಾರನ ಬೆರಳುಗಳು ಸೆಕೆಂಡಿಗೆ 16 ಬಾರಿ ಬೀಳಬಲ್ಲವು ಎಂಬುದನ್ನು ಮುಂದಿಟ್ಟ. ಒತ್ತಿದ ಸುದ್ದಿ ಮಿದುಳಿಗೆ ಮುಟ್ಟಿ ಮರಳಿ ಆಜ್ಞೆ ಬರುವಷ್ಟರಲ್ಲಿ ಮುಂದಿನ ಸ್ವರದ ಸಮಯ ಮೀರಿಹೋಗಿರುತ್ತದೆ. ಆದ್ದರಿಂದ ಸ್ವರಗಳ ಒಂದು ಕಂತೆಯೇ ಮೊದಲೇ ಸಿದ್ಧವಾಗಿ ಹೊರಡಬೇಕು. ಹೂವಾಡಗಿತ್ತಿ ಮಲ್ಲಿಗೆಯನ್ನು ಬಿಡಿಬಿಡಿಯಾಗಿ ಎಣಿಸದೆ ಮೊಳದಲ್ಲಿ ಅಳೆದು ಕೊಡುವ ಹಾಗೆ ಇದು. ಮೊಳದೊಳಗಿನ ಹೂಗಳು ನಮ್ಮ ಗಮನಕ್ಕೆ ಬರುವುದಿಲ್ಲ, ಮೊಳಕ್ಕೆ ಮೊಳ ಸೇರಿಸುವ ಗಂಟು ಮಾತ್ರ ಕೈಗೆ ತಾಗುತ್ತದೆ. ಮಗ್ಗಿಯಲ್ಲೂ ಹೀಗೆಯೇ: ಹದಿನೇಳೇಳಲಿ ಎಷ್ಟೆಂದು ಥಟ್ಟನೆ ಕೇಳಿದರೆ ತಡವರಿಸುವ ಮಗು, ಹದಿನೇಳೊಂದಲಿಯಿಂದ ಶುರುಮಾಡಿದರೆ ಸಲೀಸಾಗಿ 119ಕ್ಕೆ ಬಂದು ನಿಲ್ಲುತ್ತದೆ. ಒಳಹೋಗಲು ಬಾಗಿಲು ಇರುವುದು ಕಂತೆಯ ತಲೆಯಲ್ಲಿ, ನಡುವಿನಲ್ಲಿ ಅಲ್ಲ.

ಮರಳಿ ಬಂದವರು ಎಡವುವ ಜಾಗಗಳನ್ನು ನೋಡಿದರೆ ಈ ಗಂಟುಗಳು ಕಣ್ಣಿಗೇ ಕಾಣುತ್ತವೆ. 'ಫ್ಯೂರ್ ಎಲೀಸ್'ನ ಮೊದಲ ಸಾಲು ಇ ಮತ್ತು ಡಿ-ಶಾರ್ಪ್ ಎಂಬ ಪಾಶ್ಚಾತ್ಯ ಸ್ವರಗಳ ನಡುವೆ ತೂಗಾಡಿ, ಸಿ, ಬಿ, ಎ ಎಂದು ಇಳಿದು ಮುಗಿಯುತ್ತದೆ. ಮೊದಲ ಸಲ ಅಲ್ಲಿಂದ ಮತ್ತೆ ಆರಂಭಕ್ಕೆ ಹೋಗಬೇಕು, ಎರಡನೆಯ ಸಲ ಬಿ, ಸಿ, ಡಿ ಎಂದು ಮೇಲೇರಬೇಕು. ದಾರಿ ಒಂದೇ, ಕವಲು ಎರಡು. ನಾನು ಈ ಕವಲಿನಲ್ಲಿ ನಾಲ್ಕು ಸುತ್ತು ಹೊಡೆದೆ. ಒಂದೇ ಪಲ್ಲವಿಯ ಭಜನೆಯಲ್ಲಿ ಮುಂದಿನ ಚರಣ ಸಿಗದೆ ಪಲ್ಲವಿಗೇ ಮರಳುವವರ ಪಾಡು ನನ್ನದಾಯಿತು. ಇನ್ನೂ ವಿಚಿತ್ರವೆಂದರೆ, ಅರ್ಧ ವೇಗದಲ್ಲಿ ನುಡಿಸಿದಾಗ ಚೆನ್ನಾಗಿ ಬರುತ್ತಿದ್ದ ಸಾಲೂ ಕೈಕೊಟ್ಟಿತು, ಏಕೆಂದರೆ ಕಂತೆ ಬಿಚ್ಚಿಕೊಂಡು ಒಂದೊಂದು ಸ್ವರವೂ ತನ್ನ ಗುರುತು ಕೇಳತೊಡಗಿತು. ಆರಂಭದ ಪಾಠವಾದ ಸರಳೆ ವರಸೆಯನ್ನು ಮೂರನೆಯ ಕಾಲದಲ್ಲಿ, ಅಂದರೆ ಅತಿ ವೇಗದಲ್ಲಿ, ಓಡಿಸುವ ಶಿಷ್ಯರನ್ನು ಕರ್ನಾಟಕ ಸಂಗೀತದ ಮೇಷ್ಟ್ರುಗಳು ನಿಧಾನದ ಮೊದಲನೆಯ ಕಾಲಕ್ಕೇ ಎಳೆದು ತರುತ್ತಾರಲ್ಲ, ಆ ಹಟದಲ್ಲಿ ನರವಿಜ್ಞಾನವಿದೆ. ನಿಧಾನಗತಿಯಲ್ಲೂ ನಡುವಿನಿಂದಲೂ ನುಡಿಸಿ ಅಭ್ಯಾಸ ಮಾಡಿದರೆ ಕಂತೆಗೆ ಹೊಸ ಬಾಗಿಲುಗಳು ಮೂಡುತ್ತವೆ.

ವಯಸ್ಸಾಯಿತು, ಮಿದುಳು ಇನ್ನು ಬದಲಾಗುವುದಿಲ್ಲ ಎಂಬ ಗೊಣಗಾಟಕ್ಕೂ ಉತ್ತರವಿದೆ. ನರವಿಜ್ಞಾನಿ ಆಲ್ವಾರೊ ಪಾಸ್ಕುವಾಲ್-ಲಿಯೋನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಿಯಾನೋ ಬಾರದ ವಯಸ್ಕರು ಐದು ಬೆರಳುಗಳ ಪಾಠವೊಂದನ್ನು ದಿನಕ್ಕೆ 2 ಗಂಟೆಯಂತೆ 5 ದಿನ ಕಲಿತಾಗ, ಆ ಬೆರಳುಗಳನ್ನು ಆಳುವ ಮಿದುಳಿನ ಪ್ರದೇಶ ಹಿಗ್ಗಿತ್ತು. ಕೈ ಆಡಿಸದೆ ಮನಸ್ಸಿನಲ್ಲೇ ನುಡಿಸಿದವರಲ್ಲೂ ಅದು ಹಿಗ್ಗಿತ್ತು. ನುಡಿಸುವ ನಯದಲ್ಲಿ ಮಾತ್ರ ಅವರು ತುಸು ಹಿಂದಿದ್ದರು.

ಇನ್ನು ಉಂಗುರ ಬೆರಳು ಮೊಂಡಾಗಿದೆ ಎಂದು ಕೊರಗುವವರು ಒಂದು ಕೆಲಸ ಮಾಡಬಹುದು. ಅಂಗೈಯನ್ನು ಮೇಜಿನ ಮೇಲೆ ಬೋರಲಿಟ್ಟು, ನಡುಬೆರಳನ್ನು ಅಂಗೈಯಡಿಗೆ ಮಡಿಸಿ, ಉಂಗುರ ಬೆರಳೊಂದನ್ನೇ ಮೇಲೆತ್ತಲಿ. ಅದು ಏಳುವುದಿಲ್ಲ, ಏಕೆಂದರೆ ಆ ಎರಡರ ಸ್ನಾಯುರಜ್ಜುಗಳು ಕೈಯ ಹಿಂಬದಿಯಲ್ಲಿ ಒಂದಕ್ಕೊಂದು ಬೆಸೆದುಕೊಂಡಿವೆ. ಇಪ್ಪತ್ತು ವರ್ಷಗಳ ಹಿಂದೆಯೂ ಅದು ಏಳುತ್ತಿರಲಿಲ್ಲ.