ಹಿಟ್ಟು ತಿಗಣೆಯ ಬೆನ್ನತ್ತಿ ಬಂದ ಕಣಜ

ಪಪ್ಪಾಯಿ ಕಾಯಿಯ ಮೇಲೆ ಯಾರೋ ಅಕ್ಕಿ ಹಿಟ್ಟು ಉದುರಿಸಿ ಹೋದ ಹಾಗೆ ಕಾಣುತ್ತದೆ. ಮುಟ್ಟಿದರೆ ಅಂಟು ಅಂಟು. ಬೆರಳಲ್ಲಿ ಒರೆಸಿದರೆ ಬಿಳಿ ಪುಡಿಯ ಅಡಿಯಲ್ಲಿ ಸಣ್ಣ ಹಳದಿ ಹುಳು. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ ಕರ್ನಾಟಕದ ತೋಟಗಳಿಗೂ ಬಂದಿತ್ತು.

ಹೆಸರು ಪಪ್ಪಾಯಿ ಹಿಟ್ಟು ತಿಗಣೆ. ಆದರೆ ಪಪ್ಪಾಯಿಯೇ ಬೇಕು ಅಂತ ಹಟವೇನೂ ಇಲ್ಲ. ಮರಗೆಣಸು, ಹತ್ತಿ, ದಾಸವಾಳ, ರಸ್ತೆ ಬದಿಯ ಪಾರ್ಥೇನಿಯಂ, ಯಾವುದಾದರೂ ಸರಿ, ರಸ ಹೀರುತ್ತದೆ. ಹಿಪ್ಪುನೇರಳೆಯನ್ನೂ ಬಿಡಲಿಲ್ಲ. ರೇಷ್ಮೆ ಬೆಳೆಗಾರರಿಗೆ ಪೆಟ್ಟು ಬಿದ್ದದ್ದು ಅಲ್ಲೇ.

ಔಷಧಿ ಹೊಡೆದರೆ ಆಯ್ತಲ್ವಾ? ಆಗುವುದಿಲ್ಲ. ತಿಗಣೆಯ ಮೈಮೇಲಿನ ಹಿಟ್ಟು ಅಸಲಿಗೆ ಮೇಣ. ಔಷಧಿ ಒಳಗೆ ಇಳಿಯುವುದೇ ಕಷ್ಟ. ಮೊಟ್ಟೆಗಳೂ ಹತ್ತಿಯಂಥ ಚೀಲದೊಳಗೆ ಬೆಚ್ಚಗಿರುತ್ತವೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುವುದರಿಂದ ಅಲ್ಲೊಂದು ಇಲ್ಲೊಂದು ಉಳಿದರೂ ತಿಂಗಳೊಪ್ಪತ್ತಿನಲ್ಲಿ ಗಿಡ ಮತ್ತೆ ಬಿಳಿ. ಇನ್ನು ವಿಷ ಹೊಡೆದ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಕಿದರೆ? ಅದೂ ಕೀಟವೇ ತಾನೇ.

ಈ ತಿಗಣೆಯ ತವರು ಮೆಕ್ಸಿಕೋ. ಅಲ್ಲಿ ಇದು ದೊಡ್ಡ ಪೀಡೆಯೇ ಅಲ್ಲ, ಏಕೆಂದರೆ ಅಲ್ಲಿ ಇದನ್ನು ಹದ್ದುಬಸ್ತಿನಲ್ಲಿಡುವ ಕಣಜದ ಹುಳುಗಳಿವೆ. ಬೇರೆ ದೇಶಗಳಿಗೆ ಹೊರಟಾಗ ತಿಗಣೆ ಶತ್ರುವನ್ನು ಊರಲ್ಲೇ ಬಿಟ್ಟು ಬಂತು.

ನಮ್ಮಲ್ಲೂ ಇದನ್ನು ತಿನ್ನುವವರು ಇರಲಿಲ್ಲ ಅಂತಲ್ಲ. ಸ್ಪಾಲ್ಗಿಸ್ ಎಂಬ ಪುಟ್ಟ ಚಿಟ್ಟೆಯ ಮರಿಹುಳು ಹಿಟ್ಟು ತಿಗಣೆಯನ್ನೇ ತಿಂದು ಬೆಳೆಯುತ್ತದೆ. ಅದರ ಕೋಶವನ್ನು ಒಮ್ಮೆ ನೋಡಬೇಕು, ಥೇಟ್ ಕೋತಿ ಮುಖ! 1898ರಲ್ಲೇ ಆಸ್ಟ್ರೇಲಿಯಾದಿಂದ ತಂದು ಬಿಟ್ಟಿದ್ದ ಗುಲಗಂಜಿ ಹುಳುವೊಂದೂ ಇತ್ತು. ಇವೆಲ್ಲ ತಿಂದವು, ಆದರೆ ತಿಗಣೆ ಹೆಚ್ಚುವ ವೇಗಕ್ಕೆ ಸಾಲಲಿಲ್ಲ.

ಹಾಗಾಗಿ 2010ರಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊ ರಿಕೋದಿಂದ ಮೂರು ಜಾತಿಯ ಕಣಜಗಳು ಬೆಂಗಳೂರಿಗೆ ಬಂದವು. ಕೃಷಿಗೆ ಬೇಕಾದ ಕೀಟಗಳ ಮೇಲೆ ಕೆಲಸ ಮಾಡುವ ರಾಷ್ಟ್ರೀಯ ಸಂಸ್ಥೆ ಇರುವುದು ಹೆಬ್ಬಾಳದಲ್ಲಿ. ಬಂದ ಅತಿಥಿಗಳನ್ನು ಮೊದಲು ಅಲ್ಲೇ ಕ್ವಾರಂಟೈನ್‌ನಲ್ಲಿ ಇಟ್ಟರು. ಒಂದು ಪೀಡೆ ಓಡಿಸಲು ಇನ್ನೊಂದನ್ನು ಮನೆಗೆ ಕರೆದಂತೆ ಆಗಬಾರದಲ್ಲ!

ಮೂವರಲ್ಲಿ ಗೆದ್ದದ್ದು ಅಸೆರೊಫೇಗಸ್ ಪಪಾಯೇ. ಒಂದು ಮಿಲಿಮೀಟರ್ ಉದ್ದವೂ ಇಲ್ಲ. ನಮ್ಮನ್ನು ಕಚ್ಚುವ ಮಾತೇ ಇಲ್ಲ. ಹೆಣ್ಣು ಕಣಜ ಎಳೆಯ ತಿಗಣೆಯನ್ನು ಹುಡುಕಿ ಅದರ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿನ್ನುತ್ತಾ ಬೆಳೆಯುತ್ತದೆ. ಕೊನೆಗೆ ತಿಗಣೆ ಉಬ್ಬಿದ ಕಂದು ಸಿಪ್ಪೆಯಾಗುತ್ತದೆ. ಒಂದು ದಿನ ಸಿಪ್ಪೆಗೆ ದುಂಡನೆಯ ತೂತು ಕೊರೆದು ಹೊಸ ಕಣಜ ಹೊರಗೆ ಬರುತ್ತದೆ. ಕೇಳೋಕೆ ಕ್ರೂರವೇ. ಆದರೆ ಕಣಜ ಬೆಳೆಯಬೇಕಾದರೆ ಈ ತಿಗಣೆಯೇ ಬೇಕು, ರೇಷ್ಮೆ ಹುಳುವಿನ ತಂಟೆಗೆ ಅದು ಹೋಗುವುದಿಲ್ಲ.

ಸಾಕುವ ವಿಧಾನ ನನಗೆ ತುಂಬಾ ಇಷ್ಟವಾಯಿತು. ಮೊಳಕೆ ಬಂದ ಆಲೂಗಡ್ಡೆಯ ಮೇಲೆ ತಿಗಣೆ ಬೆಳೆಸುವುದು, ತಿಗಣೆಯ ಮೇಲೆ ಕಣಜ ಬೆಳೆಸುವುದು, ಅಷ್ಟೇ. ಹೀಗೆ ಬೆಳೆಸಿದ ಕಣಜಗಳನ್ನು ತೋಟಗಳಿಗೆ ಒಯ್ದು ಬಿಟ್ಟರು. ಮುಂದಿನ ವರ್ಷದ ಹೊತ್ತಿಗೆ ಬಿಟ್ಟ ಕಡೆಗಳಲ್ಲೆಲ್ಲ ತಿಗಣೆ ಗಣನೀಯವಾಗಿ ಇಳಿದಿತ್ತು.

ರೈತನಿಗೆ ಇಲ್ಲಿ ಕಷ್ಟದ ಕೆಲಸ ಒಂದೇ. ಕಣಜ ಬಿಟ್ಟ ಮೇಲೆ ಸುಮ್ನೆ ಇರುವುದು. ಗಿಡ ಇನ್ನೂ ಬೆಳ್ಳಗೇ ಇರುತ್ತದೆ, ಕೈ ಸ್ಪ್ರೇಯರ್ ಕಡೆಗೆ ಹೋಗುತ್ತದೆ. ಹೊಡೆದರೆ ಮೊದಲು ಸಾಯುವುದು ಮೇಣದ ಕೋಟಿಲ್ಲದ ಕಣಜವೇ. ಗಿಡ ಕಿತ್ತು ಸುಡುವವರೂ ಸ್ವಲ್ಪ ತಡೆಯಬೇಕು. ಎಲೆಯ ಹಿಂಬದಿಯ ಕಂದು ಸಿಪ್ಪೆಗಳಲ್ಲಿ ತೂತು ಇನ್ನೂ ಬಿದ್ದಿಲ್ಲದಿದ್ದರೆ ಒಳಗೆ ಕಣಜ ಇದೆ ಅಂತಲೇ ಲೆಕ್ಕ.